ಸುಳ್ಳ ಕಟಗಿಯ ಗಿಟಾರ್

"ಕೈ ತಗೀರಿ ಮೊದಲ!"

ಶಿವಗಂಗಾ ಕೂಗಿದ ರಭಸಕ್ಕೆ ಅವನು ಬೆಚ್ಚಿಬಿದ್ದ. ಆದರೆ ಆಗುವುದು ಆಗಿಹೋಗಿತ್ತು. ಈಗಷ್ಟೇ ಹಸಿರು ಬಳಿದಿದ್ದ ತೊಟ್ಟಿಲಿನ ಮೇಲೆ ಅವನ ಬೆರಳಿನ ಗೆಣ್ಣುಗಳು ಮೂರು ಗುರುತು ಮಾಡಿಬಿಟ್ಟಿದ್ದವು.

"ತಪ್ಪಾತ್ರಿ... ಬಡದು ನೋಡಿದ್ರ ಕಟಗಿ ಮಾತಾಡತೈತಲ್ರಿ, ಅದನ್ನ ಕೇಳಾಕತ್ತಿದ್ದೆ."

"ಏನಂತು?"

"'ಹಸಿ ಅದೀನಿ, ಮುಟ್ಟಬ್ಯಾಡ' ಅಂತು. ನನಗ ಕೇಳೂದ್ರಾಗ ತಡಾ ಆತು."

ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು! ಅಲ್ಲಿಗೆ ಅವಳ ಕಥೆ ಮುಗಿದಂತೆಯೇ. ಪಾಪ, ಅವಳಿಗಿನ್ನೂ ಗೊತ್ತಿರಲಿಲ್ಲ.

ಕಲಘಟಗಿಯಲ್ಲಿ ತೊಟ್ಟಿಲಿಗೆ ಚಿತ್ರ ಬರೆಯುವ ಮನೆ ಅವಳದು. ಅಪ್ಪ ತೀರಿಕೊಂಡ ಮೇಲೆ ಕುಂಚ ಅವಳ ಕೈಗೆ ಬಂದಿತ್ತು.

"ತೊಟ್ಟಲ ಬೇಕೇನ್ರಿ? ಕೂಸು ಗಂಡೋ, ಹೆಣ್ಣೋ?"

"ಕೂಸಿಗಿಂತ ಮೊದಲ ಲಗ್ನ ಆಗಬೇಕಲ್ರಿ!"

ಅವನು ಬಮ್ಮಿಗಟ್ಟಿಯ ಈರೇಶ. ಗೋವಾದ ಕಾರ್ಖಾನೆಯಲ್ಲಿ ಆರು ವರ್ಷ ಗಿಟಾರ್ ಕಟ್ಟಿ, ಈಗ ಊರಿನ ಶೆಡ್ಡಿನಲ್ಲಿ ತನ್ನದೇ ಒಂದನ್ನು ಕಟ್ಟಿದ್ದ. ಅದರ ನಡುವಿನ ದುಂಡು ತೂತಿನ ಸುತ್ತ ತೊಟ್ಟಿಲಿನ ಹೂಬಳ್ಳಿ ಬರೆಸಬೇಕೆಂದು ಬಂದಿದ್ದ.

ಶಿವಗಂಗಾ ಗಿಟಾರನ್ನು ತೊಡೆಯ ಮೇಲಿಟ್ಟು ತಟ್ಟಿದಳು. ಹುಬ್ಬು ಗಂಟಿಕ್ಕಿತು.

"ಇದು ಸಾಗವಾನಿ ಅಲ್ಲ. ಬೀಟಿನೂ ಅಲ್ಲ. ಯಾವ ಕಟಗಿ ಇದು?"

"ಕಟಗಿನ ಅಲ್ರಿ. ಕಬ್ಬಿನ ಸಿಪ್ಪಿ ನಾರು. ರೆಸಿನ್ ಅಂತ ಅಂಟು ಕಲಸಿ ಅಚ್ಚಿನಾಗ ಒತ್ತೇನಿ."

"ಅಯ್ಯ! ಸುಳ್ಳ ಕಟಗಿ!"

ಅವನ ಮುಖ ಸಪ್ಪಗಾಯಿತು. "ಒಳ್ಳೇ ಬೀಟಿ ಈಗ ಎಲ್ಲಿ ಸಿಗತೈತ್ರಿ? ಸಿಕ್ಕರೂ ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಸೀಳತೈತಿ. ಇದು ಹಂಗಲ್ಲ. ಕೇಳ್ರಿ ಒಮ್ಮೆ."

ಅವನು ತಂತಿ ಮೀಟಿದ.

ಆ ದನಿ ಅಂಗಳದಲ್ಲಿ ಬಹಳ ಹೊತ್ತು ನಿಂತಿತು. ಮಧ್ಯಾಹ್ನದ ಬಿಸಿಲು, ಒಣಗಲು ಇಟ್ಟ ತೊಟ್ಟಿಲುಗಳು, ಗೋಡೆಯಾಚೆಯ ಭತ್ತದ ಗದ್ದೆ, ಎಲ್ಲವೂ ಒಂದು ಕ್ಷಣ ದೂರ ಸರಿದಂತಾಯಿತು. ಶಿವಗಂಗಾ ಕುಂಚ ಹಿಡಿದೇ ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಕುಂಚದ ಬಣ್ಣವೆಲ್ಲ ಸೀರೆಯ ಮೇಲೆ ಇಳಿದಿತ್ತು!

"ಇನ್ನ ಮೂರು ವಾರಕ್ಕ ಧಾರವಾಡದ ಒಂದು ಸಂಗೀತ ಶಾಲಿಯವರು ಇದನ್ನ ಕೇಳತಾರ್ರಿ," ಎಂದ ಈರೇಶ. "ಹಿಡಿಸಿದ್ರ ಹತ್ತು ಗಿಟಾರ್ ಕಟ್ಟಾಕ ಹೇಳತಾರ, ನಾ ಊರಾಗ ಉಳೀತೀನಿ. ಇಲ್ಲಂದ್ರ ಮತ್ತ ಗೋವಾ."

ಗೋವಾ ಎನ್ನುವ ಮಾತು ಅವಳಿಗ್ಯಾಕೋ ಅಗದಿ ಕಹಿ ಅನ್ನಿಸಿತು.

ಅವನು ದಿನಾ ಮಧ್ಯಾಹ್ನ ಬಸ್ಸು ಹತ್ತಿ ಬರತೊಡಗಿದ. ತಂತಿ ಬಿಚ್ಚಿದ ಗಿಟಾರಿನ ಮೇಲೆ ಅವಳು ಒಂದು ಎಲೆ ಬರೆದರೆ ಅವನು ಹತ್ತು ಮಾತು ಆಡುತ್ತಿದ್ದ. ಒಂದು ದಿನದ ಕೆಲಸವನ್ನು ಅವಳು ಎರಡು ವಾರ ಎಳೆದಳು. ಸುಮ್ಮನೆ ಒಂದು ಗಿಳಿ, ಸುಮ್ಮನೆ ಇನ್ನೊಂದು ಮೊಗ್ಗು... ಅವನಿಗೆ ತಿಳಿಯಲಿಲ್ಲವೇ? ಯಾರಿಗೆ ಗೊತ್ತು! ಅವನಂತೂ ಒಮ್ಮೆಯೂ 'ಲಗೂ ಮುಗಸ್ರಿ' ಅನ್ನಲಿಲ್ಲ.

ಕೊನೆಗೂ ಬಳ್ಳಿ ಮುಗಿಯಿತು. ಶುಕ್ರವಾರ ಗಿಟಾರನ್ನು ಅವಳ ಬಳಿಯೇ ಬಿಟ್ಟು, ಹೊಸ ತಂತಿ ತರಲು ಅವನು ಹುಬ್ಬಳ್ಳಿಗೆ ಹೋದ.

ಅವಳ ಮನೆಯಲ್ಲಿ ಒಂದು ರೂಢಿಯಿತ್ತು. ಮಾರುವ ತೊಟ್ಟಿಲಿಗೆ ಬರೀ ಬಣ್ಣ. ಮನೆಯ ಕೂಸುಗಳ ತೊಟ್ಟಿಲಿಗೆ ಮಾತ್ರ ಬಣ್ಣದ ಮೇಲೆ ಅರಗು. ಕೆಂಡದ ಶಾಖ ತೋರಿಸುತ್ತ ಅರಗು ಸವರಿದರೆ ಹೂಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಎಷ್ಟು ಕೊಟ್ಟರೂ ಅಜ್ಜಿ ಹೊರಗಿನವರಿಗೆ ಅರಗು ಹಚ್ಚಿದವಳಲ್ಲ.

'ಬಾಯಿಲೆ ಹೇಳಾಕ ಆಗೂದಿಲ್ಲ... ಅರಗಿಲೆ ಹೇಳಿದ್ರ?'

ಅವಳು ಕೆಂಡ ಮಾಡಿದಳು. ಅರಗು ಕರಗಿತು, ಗಿಳಿಯ ಕಣ್ಣು ಹೊಳೆಯಿತು. ಆದರೆ... ಒಳಗಿನ ಅಂಟೂ ಮೆತ್ತಗಾಗತೊಡಗಿತ್ತು! ನೋಡುನೋಡುತ್ತಿದ್ದಂತೆ ಗಿಟಾರಿನ ಮುಂದಿನ ಹಲಗೆ ಹಪ್ಪಳದಂತೆ ಡೊಂಕಾಯಿತು. ಅವಳು ಗಬಕ್ಕನೆ ಕೆಂಡವನ್ನು ದೂರ ಸರಿಸಿದಳು.

ಬಾಗಿಲಲ್ಲಿ ತಂತಿಯ ಪೊಟ್ಟಣ ಹಿಡಿದು ಈರೇಶ ನಿಂತಿದ್ದ.

"ಇದಕ್ಕ... ಕೆಂಡ ಹಿಡದ್ರೇನು?"

"ನಾ... ನಾನು..."

"ಸುಳ್ಳ ಕಟಗಿ ಅಂದಿದ್ರಿ ಮೊದಲನ ದಿನಾನ. ಸುಟ್ಟು ಪರೀಕ್ಷೆ ಮಾಡಿದ್ರೇನು?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮಾಷೆಗೆ ಆಡಿದ ಒಂದು ಮಾತು ಈಗ ಹೀಗೆ ಎದುರು ನಿಂತಿತ್ತು. ಅಲ್ಲ ಎನ್ನಬೇಕೆಂದರೆ ಅರಗು ಯಾಕೆ ಹಚ್ಚಿದೆ ಎಂದೂ ಹೇಳಬೇಕು. ಅವಳು ಕೆಂಡದ ಮೇಲೆ ನೀರು ಸುರಿದಳು. ಅವನು ಗಿಟಾರನ್ನು ಎತ್ತಿಕೊಂಡು ಹೊರಟುಹೋದ.

ಶನಿವಾರ ಅವನು ಬರಲಿಲ್ಲ. ಭಾನುವಾರವೂ ಇಲ್ಲ. ಅವಳು ತೊಟ್ಟಿಲಿಗೆ ಎರಡು ಬಾಲದ ನವಿಲು ಬರೆದಳು.

ಸೋಮವಾರ ಬೆಳಿಗ್ಗೆ ಜೋಳ ಹಸನು ಮಾಡುತ್ತಿದ್ದ ತಾಯಿ ಸುಶೀಲವ್ವ ಮೊರ ಕೆಳಗಿಟ್ಟಳು.

"ಲೇ ಗಂಗಾ, ನೀ ಅರಗು ಹಚ್ಚಿದ್ದು ನಾ ನೋಡೇನಿ. ಎಂಥವರಿಗೆ ಹಚ್ಚತಾರ ಅಂತ ನನಗ ಗೊತ್ತೈತಿ. ಅವಗ ಗೊತ್ತೈತೇನು?"

"...ಇಲ್ಲವ್ವ."

"ಮತ್ತ ಯಾವಾಗ ಬಾಯಿ ಬಿಡಾಕಿ? ಅಂವಾ ಗೋವಾ ಮುಟ್ಟಿದ ಮ್ಯಾಲೇನು? ಏಳು, ಬಸ್ ಬರೂ ಹೊತ್ತಾತು!"

ಬಮ್ಮಿಗಟ್ಟಿಯ ಶೆಡ್ಡಿನಲ್ಲಿ ಈರೇಶ ಕೈಕಟ್ಟಿ ಕೂತಿದ್ದ. ಎದುರಿಗೆ ಮುಂದಿನ ಹಲಗೆ ಕಿತ್ತ ಗಿಟಾರು, ಬಾಜೂಕ್ಕೆ ಹೊಸದಾಗಿ ಒತ್ತಿದ ಒಂದು ಹಲಗೆ. ಬಾಗಿಲ ಬಳಿ ಗೋವಾಕ್ಕೆ ಹೊರಟ ಚೀಲ.

"ಯಾಕ ಬಂದ್ರಿ?" ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

"ಹೇಳಿ ಹೋಗತೇನಿ. ನಡಕ ಮಾತಾಡಬ್ಯಾಡ್ರಿ, ಮಾತಾಡಿದ್ರ ನನಗ ಹೇಳಾಕಾಗೂದಿಲ್ಲ!" ಅವಳು ಉಸಿರು ಎಳೆದುಕೊಂಡಳು. "ಮಾರೂ ತೊಟ್ಟಲಕ್ಕ ನಾವು ಅರಗು ಹಚ್ಚೂದಿಲ್ಲ. ನಮ್ಮ ಮನಿ ಮಂದಿಗೆ ಅಷ್ಟ ಹಚ್ಚತೇವಿ. ಈ ಅಂಟು ಶಾಖಕ್ಕ ಕರಗತೈತಿ ಅಂತ ನನಗ ಗೊತ್ತಿರಲಿಲ್ಲ. ಕೆಡಸಾಕ ಹಚ್ಚಲಿಲ್ರಿ ನಾ... ನೀವು ಹೊರಗಿನವರು ಅಂತ ಅನ್ನಿಸಲಿಲ್ಲ, ಅದಕ್ಕ ಹಚ್ಚಿದೆ."

ಈರೇಶ ಹೊಸ ಹಲಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅವಳಿಗೆ ಓಡಿಹೋಗಬೇಕು ಅನ್ನಿಸಿತು.

"ಈಗರೆ ಮಾತಾಡ್ರಿ..."

"ಹೊಸಾ ಹಲಗಿ ಶನಿವಾರನ ಒತ್ತೇನಿ," ಎಂದ ಈರೇಶ ಮೆಲ್ಲಗೆ. "ಕೂಡಸಾಕ ಮನಸ ಬರಲಿಲ್ಲ. ಹೂವಿಲ್ಲದ್ದನ್ನ ಒಯ್ದು ಏನ್ ಮಾಡ್ಲಿ, ನೀವು ಇಲ್ಲದ ಊರಾಗ ಉಳದರೆ ಏನ್ ಮಾಡ್ಲಿ ಅಂತ ಕುಂತಿದ್ದೆ."

ಅವಳ ಕಣ್ಣು ತುಂಬಿತು. ಅವನು ಫೋನು ತೆಗೆದು, ಅವಳ ಎದುರಿಗೇ ಗೋವಾದ ಕಾರ್ಖಾನೆಯವರಿಗೆ ತಾನು ಬರುವುದಿಲ್ಲ ಎಂದು ಹೇಳಿಬಿಟ್ಟ.

"ಅಯ್ಯ! ಗುರುವಾರ ಗಿಟಾರ್ ಕೇಳಿ ಧಾರವಾಡದ ಶಾಲಿಯವರು ಒಲ್ಲೆ ಅಂದ್ರ?"

"ಇನ್ನೊಂದು ಶಾಲಿಗೆ ಹೋಗೂಣು."

"ಹೋಗೂಣು...? ಇಬ್ರೂನ?"

"ಮತ್ತ? ಅರಗು ಹಚ್ಚಿದಾಕಿ ನೀನು!"

ಮೊದಲ ಸಲ ಅವನು 'ನೀನು' ಎಂದಿದ್ದ. ಶಿವಗಂಗಾ ಕಣ್ಣೊರೆಸಿಕೊಂಡು ನಕ್ಕಳು.

"ಹಲಗಿ ಕೂಡಿಸಿ ಕೊಡ್ರಿ. ಈ ಸಲ ಕೆಂಡ ಇಲ್ಲ, ತಣ್ಣಗ ಬರೀತೇನಿ."

ಅವನು ಅಂಟು ಸವರಿ ಹೊಸ ಹಲಗೆಯನ್ನು ಕೂಡಿಸಿದ. ಒತ್ತಿ ಹಿಡಿಯುವ ಕ್ಲಾಂಪುಗಳು ಗೋಡೆಯ ಮೊಳೆಗೆ ತೂಗುತ್ತಲೇ ಇದ್ದವು. ಇಬ್ಬರೂ ಆ ಕಡೆ ನೋಡಲಿಲ್ಲ.

"ಗಂಗಾ, ಆ ಕಡಿ ಒತ್ತಿ ಹಿಡಿ. ಅಂಟು ಹಿಡಿಯೂತನಕ ಬಿಡಬಾರದು."

"ಎಷ್ಟೊತ್ತು ಬೇಕ್ರಿ?"

"ಭಾಳ ಹೊತ್ತು."

"ಆಗ್ಲೇಳ್ರಿ," ಎಂದಳು ಅವಳು, ಅವನ ಬೆರಳಿನ ಪಕ್ಕದಲ್ಲೇ ತನ್ನ ಬೆರಳಿಟ್ಟು. "ನನಗೇನು ಅವಸರ ಇಲ್ಲ."