ಪಲ್ಯೋಸ್ಕಾಲಾದ ಮೊಹರು

ಒಣಗಿದ ಮೊಹರಿನ ಪ್ಯಾಡಿಗೆ ಎರಡು ಹನಿ ಊಜೋ ಸಾರಾಯಿ ಬಿದ್ದಾಗ ಏಳುವ ವಾಸನೆ ಕಲಿರೋಯಿ ವಾಲ್ಸಾಮಿಗೆ ಐದನೇ ವಯಸ್ಸಿನಿಂದ ಗೊತ್ತು. ಅರ್ಧ ಮಸಿ, ಅರ್ಧ ಸೋಂಪು. ಅವಳ ಅಪ್ಪ ಇನ್ನೊಂದು ದ್ವೀಪದ ಸುಂಕದ ಕಟ್ಟೆಯಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆಯ ಬಡಗಾಳಿ ಒಂದೇ ದಿನದಲ್ಲಿ ಪ್ಯಾಡನ್ನು ಒಣಗಿಸಿಬಿಡುತ್ತಿತ್ತು. ಹೊಸ ಮಸಿ ರಾಜಧಾನಿಯಿಂದ ಬರಬೇಕಿತ್ತು, ಬರುತ್ತಿರಲಿಲ್ಲ. ಅಪ್ಪ ಬೀರುವಿನ ಹಿಂದಿನಿಂದ ಸಾರಾಯಿ ಬಾಟಲಿ ತೆಗೆದು, "ಎರಡು ಹನಿ ಸರಕಾರಕ್ಕೆ, ಒಂದು ಗುಟುಕು ಗುಮಾಸ್ತನಿಗೆ" ಅನ್ನುತ್ತಿದ್ದರು. ಮೇಜಿನ ಕೆಳಗೆ ಕೂತಿದ್ದ ಹುಡುಗಿ ಕಿಲಕಿಲ ನಗುತ್ತಿದ್ದಳು.

ಜುಲೈ 11, ಗುರುವಾರ, ಬೆಳಗ್ಗೆ 9.20ಕ್ಕೆ ಅದೇ ವಾಸನೆ ಮಿರ್ಸಿನಿ ದ್ವೀಪದ ಬಂದರು ಪೊಲೀಸ್ ಠಾಣೆಯಲ್ಲಿ, ಒಂದು ಹಾಯಿದೋಣಿಯ ಸಂಚಾರ ಪುಸ್ತಕದಿಂದ ಎದ್ದುಬಂತು. ಇನ್ಸ್‌ಪೆಕ್ಟರ್ ಕಲಿರೋಯಿ ಪುಸ್ತಕವನ್ನು ಮತ್ತೊಮ್ಮೆ ಮೂಗಿನ ಹತ್ತಿರ ಹಿಡಿದಳು.

"ಓದೋಕೆ ಕನ್ನಡಕ ಬೇಕಾ ಮೇಡಂ?" ಎಂದ ಕಾನ್‌ಸ್ಟೇಬಲ್ ಪಾಂದೆಲಿಸ್. ಐವತ್ತು ದಾಟಿದ ಆಸಾಮಿ. ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಇಪ್ಪತ್ತು ವರ್ಷದಲ್ಲಿ ಯಾರೊಬ್ಬರಿಗೂ ಮುಟ್ಟಗೊಡದವನು ಎಂದು ಠಾಣೆಯಲ್ಲೆಲ್ಲ ಹೆಸರಾಗಿದ್ದ.

ಹಡಗುಕಟ್ಟೆಯ ಮೇಲ್ವಿಚಾರಕರು ಬರೆದುಕೊಟ್ಟ ದೂರು ಚಿಕ್ಕದು. 'ಫೆಮ್ಕೆ' ಎಂಬ ಡಚ್ ಹಾಯಿದೋಣಿ. ಮಾಲೀಕ ವೌಟರ್, ವಯಸ್ಸು 71, ಒಬ್ಬನೇ ಪ್ರಯಾಣ. ಈ ನೀರಿನಲ್ಲಿ ಖಾಸಗಿ ದೋಣಿ ನಡೆಸುವವರು ಜಲವಿಹಾರ ಶುಲ್ಕ ಕಟ್ಟಿ, ಸಂಚಾರ ಪುಸ್ತಕಕ್ಕೆ ವರ್ಷಕ್ಕೊಮ್ಮೆ ಬಂದರು ಕಚೇರಿಯ ಮೊಹರು ಹಾಕಿಸಬೇಕು. ಶುಲ್ಕ ಸಂದಾಯವಾಗಿದೆ. ಮೊಹರೂ ಇದೆ, ದಿನಾಂಕ ಜುಲೈ 9. ಆದರೆ ಅದು ಪಲ್ಯೋಸ್ಕಾಲಾ ಉಪಕಚೇರಿಯ ಮೊಹರು. ಆ ಕಚೇರಿಗೆ ಬೀಗ ಬಿದ್ದು ಆರು ವರ್ಷವಾಗಿದೆ.

ಎಫ್‌ಐಆರ್ ದಾಖಲಾಯಿತು. ನಕಲಿ ಮೊಹರು ಬಿದ್ದ ಪುಸ್ತಕ ಕೈಯಲ್ಲಿಟ್ಟುಕೊಂಡೇ ಸಿಕ್ಕವನನ್ನು ಬಿಡುವಂತಿರಲಿಲ್ಲ. ಬೇರೆ ಆರೋಪಿ ಸಿಗದಿದ್ದರೆ ಮರುದಿನ ಬೆಳಗ್ಗೆ ಒಂಬತ್ತಕ್ಕೆ ವೌಟರ್ ಸರಕಾರಿ ವಕೀಲರ ಮುಂದೆ ನಿಲ್ಲಬೇಕು, ದೋಣಿ ಜಪ್ತಿಯಾಗಬೇಕು.

ಮುದುಕ ಬೆಂಚಿನ ತುದಿಯಲ್ಲಿ ಕೂತಿದ್ದ.

"ಮೊಹರು ಹಾಕಿದ್ದು ಯಾರು?" ಎಂದಳು ಕಲಿರೋಯಿ.

"ಅಧಿಕಾರಿ. ಬಿಳಿ ಟೋಪಿ ಹಾಕಿದ್ರು."

"ಎಷ್ಟು ಕೊಟ್ರಿ?"

"ಏನೂ ತಗೊಳ್ಳಲಿಲ್ಲ. ಅಂಜೂರ ಕೊಟ್ಟರು."

"ಅನುಮಾನ ಬರಲಿಲ್ವಾ?"

"ಬಂತಮ್ಮ. ನನ್ನ ವಿಮೆ ಕಾಗದಾನ ಕೊನೇ ಸಾಲಿನ ತನಕ ಓದಿದರು. ಮೂವತ್ತು ವರ್ಷದಲ್ಲಿ ಯಾವ ಬಂದರಲ್ಲೂ ಯಾರೂ ಓದಿಲ್ಲ. ಇನ್ನು ಒಂಬತ್ತು ದಿನಕ್ಕೆ ಮುಗಿಯುತ್ತೆ ಅಂತ ತೋರಿಸಿ, ಅಲ್ಲೇ ಕೂರಿಸಿ ಹೊಸದು ಮಾಡಿಸಿದರು. ಇಂಥ ಅಧಿಕಾರೀನೂ ಇರ್ತಾರಾ ಅಂತ ಅನುಮಾನ ಬಂತು."

ಪಾಂದೆಲಿಸ್ ಕೆಮ್ಮಿದ. ಕಲಿರೋಯಿ ಮೊಹರಿನ ಪಕ್ಕದ ಕೈಬರಹ ನೋಡಿದಳು. 'ನಾಳೆ ಗಾಳಿ ಜೋರು. ಹೊರಡಬೇಡಿ ಎಂದು ತಿಳಿಸಲಾಗಿದೆ.' ಹೀಗೆ ಬರೆಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

"ಈಗಿನವೆಲ್ಲ ತಾವೇ ಮಸಿ ಕುಡಿಯೋ ಮೊಹರು, ಪ್ಯಾಡೇ ಬೇಡ," ಎಂದಳು. "ಪ್ಯಾಡಿಗೆ ಊಜೋ ಹಾಕೋದು ಹಳೇ ಗುಮಾಸ್ತರ ಕೈಗುಣ. ಪಲ್ಯೋಸ್ಕಾಲಾ ಮುಚ್ಚಿದಾಗಿನ ಕಡತ ತನ್ನಿ."

ಕಡತ 10.05ಕ್ಕೆ ಬಂತು. ಕುರ್ಚಿ ಮೂರು, ಬೀರು ಒಂದು, ಧ್ವಜ ಒಂದು. ಕೊನೆಯ ಹಾಳೆಯಲ್ಲಿ ಮಹಜರು: 'ಮೊಹರು ಒಂದು, ನಾಶಪಡಿಸಲಾಗಿದೆ. ಆಗಸ್ಟ್ 15.' ಸಹಿ, ಗುಮಾಸ್ತ ಸಾರಾಂದಿಸ್ ಕೂವಾರಾಸ್. ಪಂಚರಿಬ್ಬರ ಜಾಗ ಖಾಲಿ.

ಪಾಂದೆಲಿಸ್ ಗಹಗಹಿಸಿ ನಕ್ಕ. "ಆಗಸ್ಟ್ ಹದಿನೈದಾ? ಮಾತೆ ಮರಿಯಳ ಹಬ್ಬ! ಅವತ್ತು ಈ ದ್ವೀಪದಲ್ಲಿ ಬೆಕ್ಕು ಕೂಡ ಇಲಿ ಹಿಡಿಯಲ್ಲ ಮೇಡಂ. ಮೊಹರು ಒಡೆಯೋಕೆ ಯಾರು ಕೂತಿರ್ತಾರೆ?"

"ಅದಕ್ಕೇ ಆ ದಿನ ಬರೆದಿದ್ದಾರೆ. ಪಂಚರು ಎಲ್ಲಿ ಅಂತ ಯಾರೂ ಕೇಳಲ್ಲ, ಎಲ್ರೂ ಚರ್ಚಿನಲ್ಲಿ. ಜೀಪು ತೆಗೀರಿ."

ಬೆಳಗ್ಗೆ 11.40. ಪಲ್ಯೋಸ್ಕಾಲಾ ಎಂದರೆ ಒಂದು ಕಟ್ಟೆ, ಹದಿನಾಲ್ಕು ಮನೆ, ಮರೂಸೋ ಎಂಬ ವಿಧವೆಯ ಊಟದಂಗಡಿ. ಬಿಸಿಲಿಗೆ ಒಣಹಾಕಿದ ಆಕ್ಟೋಪಸ್ಸುಗಳ ಹಿಂದಿನಿಂದ ಮರೂಸೋ ಇಣುಕಿದಳು.

"ಸಾರಾಂದಿಸ್ ಕೂವಾರಾಸ್ ಎಲ್ಲಿದಾರಮ್ಮ?"

"ಯಾವ ಸಾರಾಂದಿಸ್?"

"ಮೊಹರು ಒತ್ತೋರು."

"ಇಲ್ಲಿ ಒತ್ತೋದು ಹಿಟ್ಟು ಒಂದೇ ಕಣಮ್ಮ. ರೊಟ್ಟಿ ಬೇಕಾ? ಸಮವಸ್ತ್ರದೋರು ಈ ಕಡೆ ತಲೆ ಹಾಕಿ ಆರು ವರ್ಷ ಆಯ್ತು. ದಾರಿ ತಪ್ಪಿತಾ?"

"ತಪ್ಪಲಿಲ್ಲ. ಎರಡು ಕಾಫಿ ಕೊಡಿ," ಎಂದು ಕಲಿರೋಯಿ ಅಂಗಡಿಯ ಒಳಮೂಲೆಯಲ್ಲಿ ಕೂತಳು.

ಮರೂಸೋ ಕಾಫಿಗೆ ಎಷ್ಟು ಹೊತ್ತು ಬೇಕೋ ಅದರ ಮೂರರಷ್ಟು ತೆಗೆದುಕೊಂಡಳು. ಹೋಗುವವರು ಹೋಗಲಿ ಎಂಬ ಆಸೆ ಇರಬೇಕು. ಆದರೆ 12.25ಕ್ಕೆ ಒಂದು ಫ್ರೆಂಚ್ ಹಾಯಿದೋಣಿ ಮೂಲೆ ತಿರುಗಿ ಬಂದೇಬಿಟ್ಟಿತು. ಗಂಡ, ಹೆಂಡತಿ, ಎರಡು ಮಕ್ಕಳು. ಕಟ್ಟೆಯ ಕೊನೆಯ ಸುಣ್ಣದ ಕೋಣೆಯ ಮೇಲೆ ಧ್ವಜ ಏರಿತು. ಕತ್ತಿನವರೆಗೂ ಗುಂಡಿ ಹಾಕಿದ ಅಂಗಿ, ಬಿಳಿ ಟೋಪಿಯ ಒಬ್ಬ ಮುದುಕರು ಬಂದು ಎಸೆದ ಹಗ್ಗವನ್ನು ಹಿಡಿದು ಕಟ್ಟಿದರು. ಗಂಟು ಎರಡು ಸಲ ಎಳೆದು ನೋಡಿದರು. ಪೊಲೀಸ್ ಜೀಪು ಎದುರಿಗೇ ನಿಂತಿತ್ತು. ಅದನ್ನೂ ನೋಡಿದರು. ನೋಡಿಯೂ ಕೋಣೆಯ ಬಾಗಿಲು ತೆರೆದರು.

ಕಲಿರೋಯಿ ಫ್ರೆಂಚ್ ದಂಪತಿಗಳ ಹಿಂದೆ ಸಾಲಿನಲ್ಲಿ ನಿಂತಳು. ಒಳಗೆ ಅದೇ ಸೋಂಪಿನ ವಾಸನೆ. ಮುದುಕರು ವಿಮೆ ಕಾಗದ ಓದಿದರು, ಮಕ್ಕಳ ತೇಲುಕವಚ ತರಿಸಿ ಪಟ್ಟಿ ಬಿಗಿ ಮಾಡಿದರು, ಶುಲ್ಕದ ರಸೀದಿ ಕೇಳಿದರು. ರಸೀದಿ ಇರಲಿಲ್ಲ. "ಕಟ್ಟದೆ ಮೊಹರಿಲ್ಲ," ಎಂದು ಮರೂಸೋಳ ಮೊಬೈಲು ತರಿಸಿ, ಅಲ್ಲೇ ಸರಕಾರಕ್ಕೆ ಹಣ ಕಟ್ಟಿಸಿದರು. ಮೊಹರು ಎತ್ತಿದರು.

"ಹಾಕಬೇಡಿ ಸಾರಾಂದಿಸ್ ಮಾವ," ಎಂದಳು ಕಲಿರೋಯಿ. ಮಾವ ಎಂದು ಕರೆಯಬೇಕೆಂದು ಅಂದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟಳು.

ಮುದುಕರು ಅದನ್ನೂ ಕೊನೆಯ ಸಾಲಿನವರೆಗೆ ಓದಿದರು. "ಸರಿಯಾಗಿದೆ. ಆರು ವರ್ಷ ತಗೊಂಡ್ರಲ್ಲಮ್ಮ?"

"ನೀವು ಮೊಹರು ಹಾಕಿಕೊಟ್ಟ ಒಬ್ಬ ಮುದುಕರು ನಮ್ಮ ಠಾಣೇಲಿ ಕೂತಿದ್ದಾರೆ. ನಾಳೆ ವಿಚಾರಣೆ."

ಅವರ ಮುಖ ಆಗ ಬಿಳುಚಿತು, ಅದುವರೆಗೆ ಅಲ್ಲ. "ಅಂಜೂರ ತಿಂದವರಾ? ಅವರದೇನೂ ತಪ್ಪಿಲ್ಲ. ಬರ್ಕೊಳ್ಳಿ. ಎಲ್ಲಾ ನಂದೇ."

ಮರೂಸೋ ಮತ್ತು ಒಬ್ಬ ಮೀನುಗಾರನನ್ನು ಪಂಚರನ್ನಾಗಿ ಕರೆದು ಮಹಜರು ಮಾಡಿದರು. ಮೊಹರು ಒಂದು, ಪ್ಯಾಡು ಒಂದು, ಊಜೋ ಅರ್ಧ ಬಾಟಲಿ, ದಾಖಲೆ ಪುಸ್ತಕ ಒಂದು.

"ಈ ಸಲ ಪಂಚರಿದ್ದಾರೆ," ಎಂದು ಮುದುಕರೇ ಮೆಲ್ಲಗೆ ನಕ್ಕರು.

ದಾಖಲೆ ಪುಸ್ತಕದ ಪುಟ ತಿರುವುತ್ತ ಕಲಿರೋಯಿ ನಿಂತೇಬಿಟ್ಟಳು. 1,140 ದೋಣಿಗಳು. ಪ್ರತಿಯೊಂದರ ಹೆಸರು, ಜನ ಎಷ್ಟು, ಮುಂದೆ ಯಾವ ಬಂದರು, ಎಷ್ಟು ಗಂಟೆಗೆ ಮುಟ್ಟಬೇಕು. ಪಕ್ಕದಲ್ಲಿ ಬೇರೆ ಮಸಿಯಲ್ಲಿ ಒಂದೇ ಪದ: 'ತಲುಪಿದರು.' ಸಾಲುಸಾಲಾಗಿ ತಲುಪಿದರು, ತಲುಪಿದರು. ಮುಂದಿನ ಬಂದರಿಗೆ ದಿನವೂ ಫೋನು ಮಾಡಿ ವಿಚಾರಿಸಿ ಬರೆದದ್ದು. ಒಂದು ಕಡೆ ಮಾತ್ರ ಕೆಂಪು ಗೆರೆ. ಎರಡು ವರ್ಷದ ಹಿಂದೆ, ಸೆಪ್ಟೆಂಬರ್ 19. 'ತಲುಪಿಲ್ಲ. ಸಂಜೆ 6.10, ಠಾಣೆಗೆ ತಿಳಿಸಿದೆ.'

ಪಾಂದೆಲಿಸ್ ಭುಜದ ಮೇಲಿಂದ ಬಗ್ಗಿ ಓದಿದ. ಅವನ ನಗು ಹಾರಿಹೋಯಿತು.

"ಆ ಫೋನ್ ಎತ್ತಿದ್ದು ನಾನೇ ಮೇಡಂ. ಹೆಸರು ಹೇಳದೆ ಇಟ್ಟುಬಿಟ್ರು. ಮಗುಚಿದ ದೋಣಿ ಬೆನ್ನ ಮೇಲಿಂದ ನಾಲ್ಕು ಜನಾನ ಎತ್ತಿದ್ವಿ. ಕೃತಜ್ಞತೆ ಹೇಳೋಣ ಅಂತ ಒಂದು ತಿಂಗಳು ಹುಡುಕಿದ್ವಲ್ಲ?" ಅವನು ಮುದುಕರ ಕಡೆ ತಿರುಗಿದ. "ನೀವಾ?"

"ಹೆಸರು ಹೇಳಿದ್ರೆ ಮೊಹರು ಕಿತ್ಕೋತಿದ್ರಲ್ಲಪ್ಪ," ಎಂದರು ಸಾರಾಂದಿಸ್.

ಫ್ರೆಂಚ್ ದೋಣಿಗೆ ಮುಂದಿನ ಬಂದರಿನ ಕಚೇರಿಯಲ್ಲಿ ಮೊಹರು ಹಾಕಿಸಲು ಹೇಳಿ ಕಳಿಸಿದರು. ದಸ್ತಗಿರಿ ಸಮಯ 1.30. ಬೇಡಿ ಹಾಕಲಿಲ್ಲ. ಜೀಪು ಹತ್ತುವಾಗ ಮುದುಕರು ಟೋಪಿ ತೆಗೆದು ಮರೂಸೋಳ ಕೈಗೆ ಕೊಟ್ಟರು. ಅವಳು ಪೊಲೀಸರಿಗೆ ಶಾಪ ಹಾಕಲೆಂದು ಬಾಯಿ ತೆರೆದವಳು ಟೋಪಿಯ ಧೂಳು ಒರೆಸತೊಡಗಿದಳು.

ಠಾಣೆಯಲ್ಲಿ 3.15ಕ್ಕೆ ಹೇಳಿಕೆ ಮುಗಿಯಿತು. ವೌಟರ್‌ನ ಪುಸ್ತಕ ಸಾಕ್ಷ್ಯವಾಗಿ ಉಳಿಯಿತು, ಹೊಸ ಪುಸ್ತಕಕ್ಕೆ ಅಸಲಿ ಮೊಹರು ಬಿತ್ತು. ಹೋಗುವ ಮೊದಲು ಅವನು ಬೆಂಚಿನ ಮುಂದೆ ನಿಂತು, ಸಾರಾಂದಿಸ್‌ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಹೇಳಿಕೆಯಲ್ಲಿ ಕಾರಣ ಕೇಳಿದ ಕಡೆ ಇದ್ದದ್ದು ಇಷ್ಟು: ಕಚೇರಿ ಮುಚ್ಚಿದ ಜುಲೈನಲ್ಲಿ ಒಂದು ಪುಟ್ಟ ದೋಣಿ ಪಲ್ಯೋಸ್ಕಾಲಾದಲ್ಲಿ ನೀರು ತುಂಬಿಸಿಕೊಂಡು ಹೊರಟಿತು. ಮದುವೆಯಾಗಿ ತಿಂಗಳಾಗದ ಜೋಡಿ. ನೋಡಿದವರಿದ್ದರು, ಬರೆದುಕೊಂಡವರಿರಲಿಲ್ಲ. ಅವರು ಕಾಣೆಯಾದದ್ದು ಲೋಕಕ್ಕೆ ತಿಳಿಯಲು ಹನ್ನೊಂದು ದಿನ ಹಿಡಿಯಿತು. ಅದಾದ ಮೇಲಿನ ಹಬ್ಬದ ದಿನ ಮೊಹರನ್ನು ಒಡೆಯಬೇಕೆಂದು ಕಲ್ಲಿನ ಮೇಲಿಟ್ಟೆ, ಸುತ್ತಿಗೆ ಎತ್ತಲು ಕೈ ಬರಲಿಲ್ಲ. ಮೊಹರು ಸಿಗುತ್ತದೆ ಎಂದರೆ ದೋಣಿ ನಿಲ್ಲುತ್ತದೆ. ನಿಂತರೆ ಹೆಸರು ಬರೆದುಕೊಳ್ಳಬಹುದು.

ಕಲಿರೋಯಿ ದೋಷಾರೋಪವನ್ನು ಒಂದಕ್ಷರ ಮೃದು ಮಾಡದೆ ಬರೆದಳು. ಕೆಳಗೆ ಇನ್ನೊಂದು ಹಾಳೆ ಲಗತ್ತಿಸಿದಳು. 1,140 ದೋಣಿಗಳ ದಾಖಲೆಯನ್ನು ಸರಕಾರಿ ವಕೀಲರು ಪೂರ್ತಿ ಓದಬೇಕೆಂದು ಕೋರಿಕೆ. ಸೆಪ್ಟೆಂಬರ್ 19ರ ನಾಲ್ವರ ಹೆಸರು. ಪಲ್ಯೋಸ್ಕಾಲಾದಲ್ಲಿ ಬೇಸಿಗೆಗೆ ಒಬ್ಬ ಕಾವಲಿನವನನ್ನು ನೇಮಿಸಬೇಕೆಂಬ ಶಿಫಾರಸು.

ಐದೂವರೆಗೆ ಬೆಂಚಿನ ಮೇಲಿಂದ ದನಿ ಬಂತು. "ಆ ಫ್ರೆಂಚ್ ಮಕ್ಕಳು ಈಗ ಮುಟ್ಟಿರಬೇಕಮ್ಮ. ನನಗೆ ಫೋನ್ ಮಾಡೋ ಹಕ್ಕಿಲ್ಲ, ಗೊತ್ತು."

ಕಲಿರೋಯಿ ಫೋನು ಎತ್ತಿ ಮುಂದಿನ ಬಂದರಿಗೆ ಮಾತಾಡಿದಳು. ಆಮೇಲೆ ಜಪ್ತಿಯಾದ ಪುಸ್ತಕದ ಮೇಲೆ ಬರೆಯಬಾರದೆಂದು ನೆನಪಾಗಿ, ಲೇಖನಿ ಕೆಳಗಿಟ್ಟಳು.

"ತಲುಪಿದರು ಮಾವ."

ಮುದುಕರು ತಲೆಯಾಡಿಸಿ, ಠಾಣೆಗೆ ಬಂದ ಮೇಲೆ ಮೊದಲ ಸಲ ಗೋಡೆಗೆ ಒರಗಿದರು.

ಪಾಂದೆಲಿಸ್ ತನ್ನ ಖಾನೆಯಿಂದ ಡಬ್ಬಿ ತೆಗೆದ. ಅನ್ನ ತುಂಬಿ ಬೇಯಿಸಿದ ಟೊಮೆಟೊ, ಒಂದು ತುಂಡು ಗಿಣ್ಣು, ರೊಟ್ಟಿ. ಮುಚ್ಚಳ ಬಿಚ್ಚಿ, ಚಮಚವನ್ನು ತನ್ನ ಅಂಗಿಗೆ ಒರೆಸಿ, ಡಬ್ಬಿಯನ್ನು ಮುದುಕರ ಮಡಿಲಲ್ಲಿಟ್ಟು, ಏನೂ ಆಗಿಲ್ಲವೆಂಬಂತೆ ಹೋಗಿ ಟೈಪು ಮಾಡತೊಡಗಿದ.