ತುರ್ವಿಹಾಳದ ಟ್ಯೂಬ್ ಪೆಟ್ಟಿಗೆ

ಪೆಟ್ಟಿಗೆ ಇದ್ದ ಜಾಗದಲ್ಲಿ ಅದರ ಅಡಾಪ್ಟರ್ ಮಾತ್ರ ಉಳಿದಿತ್ತು.

"ಇಲ್ಲೇ ಇತ್ರೀ ಮೇಡಂ. ರಾತ್ರಿ ಆಫ್ ಮಾಡಿ ಮಲಗೀನಿ. ಮುಂಜಾನೆ ನೋಡಿದ್ರ ಇಲ್ಲ," ಎಂದ ಹುಲಿಗೇಶ.

ಹೆಡ್ ಕಾನ್‌ಸ್ಟೇಬಲ್ ರೇಣುಕಾದೇವಿ ಕುರ್ಚಿ ಎಳೆದುಕೊಂಡು ಕುಳಿತಳು. ಸಿಂಧನೂರಿನಲ್ಲಿ ಬಂದೋಬಸ್ತ್ ಮುಗಿಸಿ ಬಂದವಳು. ಮನೆಗೆ ಹೋಗಿ ಬಿದ್ದುಕೊಳ್ಳೋಣ ಎನ್ನುವಷ್ಟರಲ್ಲಿ ತುರ್ವಿಹಾಳದ ಈ ಕಳವು ಗಂಟುಬಿದ್ದಿತ್ತು. ಕಳವಾಗಿದ್ದೋ, ಹೆಸರೇ ಬಾಯಿಗೆ ಹತ್ತದ ವಸ್ತು.

"ಏನದು? ಇನ್ನೊಮ್ಮೆ ಹೇಳಪ್ಪಾ."

"ಟ್ಯೂಬ್ ಪ್ರಿಆಂಪ್ ರೀ. ಮೈಕಿನ ಸಣ್ಣ ದನಿ ದೊಡ್ಡದು ಮಾಡಿ ಕಂಪ್ಯೂಟರಿಗೆ ಕಳಿಸ್ತೈತಿ. ಒಳಗ ಹಳೆ ರೇಡಿಯೋದಾಗ ಇರ್ತಿತ್ತಲ್ರೀ, ಅಂಥ ಗಾಜಿನ ವಾಲ್ವ್. ದನಿ ತುಂಬಿಕೊಂಡು ಬರ್ತೈತಿ."

ಹುಲಿಗೇಶ ಈ ಕೋಣೆಯಲ್ಲಿ ತನ್ನ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವನು. ಮೂರು ಗೋಡೆಗೂ ಭತ್ತದ ಚೀಲ ಒಟ್ಟಿದ್ದ. ಅದರಿಂದ ದನಿ ಮಾರ್ದನಿಸುವುದಿಲ್ಲವಂತೆ. ಮೇಜಿನ ಮೇಲೆ ಲ್ಯಾಪ್‌ಟಾಪಿತ್ತು, ಟ್ಯೂಬಿಲ್ಲದ ಇನ್ನೊಂದು ಪ್ರಿಆಂಪಿತ್ತು. ಎರಡೂ ಪ್ರಿಆಂಪ್ ನೋಡಿ ಒಂದನ್ನು ಇಟ್ಟುಕೋ ಎಂದು ಲಿಂಗಸುಗೂರಿನ ಅಂಗಡಿಯ ಜುಲ್ಫಿಕರ್ ಕೊಟ್ಟುಹೋಗಿದ್ದ. ಇವತ್ತು ಬೇಡವಾದದ್ದನ್ನು ಒಯ್ಯಲು ಬಂದವನು ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ನಿಂತಿದ್ದ.

"ನಿನ್ನೆ ಇಲ್ಲಿ ಯಾರು ಬಂದಿದ್ರು?"

"ವಾಸಿಂ ಒಬ್ಬಾವ್ನೇ ರೀ. ಮಸ್ಕಿಯಾಂವ, ನನ್ನ ದೋಸ್ತ. ಕೀಬೋರ್ಡ್ ನುಡಿಸ್ತಾನ." ಹುಲಿಗೇಶ ನೆಲ ನೋಡಿದ. "ಹೋಗುವಾಗ ಬ್ಯಾಗ್ ಭಾಳ ವಜ್ಜ ಇತ್ರೀ."

"ಅವನೇ ಒಯ್ದಾನ," ಎಂದ ಜುಲ್ಫಿಕರ್. "ಕೇಸ್ ಬರ್ಕೊಳ್ರೀ ಮೇಡಂ."

* * *

ವಾಸಿಂ ಮಸ್ಕಿಯ ಮೈದಾನದಲ್ಲಿ ಸಿಕ್ಕ. ಕಳವಿನ ಮಾತು ಕೇಳಿ, ಬೆವರು ಒರೆಸಿಕೊಳ್ಳುತ್ತ ಬ್ಯಾಗ್ ಬಿಚ್ಚಿದ. ಒಳಗಿದ್ದದ್ದು ಕಬ್ಬಿಣದ ಗುಂಡು.

"ಕಾನ್‌ಸ್ಟೇಬಲ್ ಪರೀಕ್ಷೆ ಪಾಸಾಗೀನ್ರೀ. ಮುಂದಿನ ವಾರ ಫಿಜಿಕಲ್ ಐತಿ. ಹೋದಲ್ಲೆಲ್ಲ ಇದನ್ನ ಹೊತ್ಕೊಂಡು ಹೋಗಿ ಎಸ್ಯಾಕತ್ತೀನಿ." ಅವನ ದನಿ ಇಳಿಯಿತು. "ಕೇಸ್ ಬಿದ್ರ ನನ್ನ ಕಥಿ ಮುಗೀತ್ರೀ."

ಅದು ಅವಳಿಗೂ ಗೊತ್ತಿತ್ತು. ಕಳವಿನ ಕೇಸಿರುವ ಹುಡುಗನಿಗೆ ಖಾಕಿ ಯಾರು ಕೊಡುತ್ತಾರೆ? ಕೇಸ್ ಬರೆಯುವ ಕೈಯೂ ಅವಳದೇ.

"ಆ ಪೆಟ್ಟಿಗಿ ನಿನಗೂ ಬೇಕಿತ್ತೇನು?"

"ನಾ ಟ್ಯೂಬಿಲ್ಲದ್ದು ತಗೋ ಅಂದೆ. ಅವನ ಮೈಕಿಗೆ ಅದು ಸಾಕು. ಟ್ಯೂಬಿಂದು ಬಿಸಿ ಆಗೂತನ ಕಾಯ್ಬೇಕು, ಮ್ಯಾಲೆ ಗುಂಯ್ ಅಂತೈತಿ. ಅಂವ ಕೇಳಲಿಲ್ರೀ. ಅದರಾಗ ತನ್ನ ದನಿ ಕೇಳಿ ಕಣ್ಣಾಗ ನೀರು ತಂದ."

"ನಿನ್ನ ಹೆಸರು ಅವನೇ ಹೇಳ್ಯಾನ."

"ಹುಲಿಗೇಶನಾ? ಇಲ್ರೀ, ಅಂಗಡಿಯಾಂವ ಹೇಳಿರಬೇಕು."

ಇಂಥ ಮಾತಿಗೆ ಉತ್ತರ ಕೊಟ್ಟು ಕೊಟ್ಟು ರೇಣುಕಾದೇವಿಗೆ ಸಾಕುಸಾಕಾಗಿತ್ತು. "ಬ್ಯಾಗ್ ತಗೊಂಡು ನಡಿ," ಎಂದಳು.

* * *

"ತಲಿ ಸಿಡ್ಯಾಕತ್ತೈತಿ. ಒಂದು ಕಪ್ ಚಾ ಇಲ್ಲೇ ತರ್ತೀಯೇನಪ್ಪಾ?" ವಾಸಿಂನೊಂದಿಗೆ ತುರ್ವಿಹಾಳದ ಕೋಣೆಗೆ ಮರಳಿದ ರೇಣುಕಾದೇವಿ ಕೇಳಿದಳು. ಜುಲ್ಫಿಕರ್ ಇನ್ನೂ ಬಾಗಿಲಲ್ಲೇ ಇದ್ದ.

"ಹೊರಗ ಕುಡೀರಿ ಮೇಡಂ," ಎಂದ ಹುಲಿಗೇಶ. "ಈ ಕೋಣ್ಯಾಗ ಚಾ, ನೀರು ಏನೂ ತರಂಗಿಲ್ರೀ. ಕರೆಂಟಿನ ಸಾಮಾನು."

ರೇಣುಕಾದೇವಿ ಮೇಜಿನ ಕಾಲನ್ನು ನೋಡುತ್ತಿದ್ದಳು. ಇರುವೆಗಳ ಸಾಲು. ಒಂದು ಕೊನೆ ಅಡಾಪ್ಟರಿನ ಹತ್ತಿರ. ಇನ್ನೊಂದು ಕೊನೆ ನೆಲಕ್ಕಿಳಿದು ಮೂಲೆಯ ಚೀಲ ಹತ್ತಿತ್ತು. ಉಳಿದ ಚೀಲಗಳ ಬಾಯಿಗೆ ಸುತಳಿಯ ಹೊಲಿಗೆ. ಅದೊಂದಕ್ಕೆ ಮಾತ್ರ ಮೈಕಿನ ಹಳೆ ವೈರು ಬಿಗಿದಿತ್ತು.

ಅವಳು ವೈರು ಬಿಚ್ಚಿ ಮೊಣಕೈತನಕ ಕೈಹಾಕಿದಳು. ಭತ್ತದೊಳಗಿಂದ ಪೆಟ್ಟಿಗೆ ಎದ್ದುಬಂತು.

ಜುಲ್ಫಿಕರ್ ಬಾಯಿ ತೆರೆದು ನಿಂತ.

"ಕಳ್ಳ ಬಂದಿದ್ರ ಲ್ಯಾಪ್‌ಟಾಪ್ ಬಿಡ್ತಿದ್ನೇನು?" ಎಂದಳು ರೇಣುಕಾದೇವಿ. "ಪೆಟ್ಟಿಗಿ ಬಲ್ಲಾಂವ ಆದ್ರ ಅಡಾಪ್ಟರ್ ಬಿಡ್ತಿರಲಿಲ್ಲ. ವಾಸಿಂಗಂತೂ ಇದು ಬ್ಯಾಡಾಗಿತ್ತು. ಇಲ್ಲಿ ಚಾ ತರಂಗಿಲ್ಲ ಅಂತಿ, ಇರುವಿ ಸಕ್ಕರಿ ಹುಡ್ಕೊಂಡು ಬಂದಾವ. ಮೊಬೈಲ್ ನೀರಾಗ ಬಿದ್ರ ಒಣಗ್ಲಿ ಅಂತ ಅಕ್ಕಿಯೊಳಗ ಹುಗೀತೀವಿ. ನಿನ್ನ ಕೈಗೆ ಭತ್ತ ಸಿಕ್ತು. ಹೌದಿಲ್ಲೋ ಹುಲಿಗೇಶ?"

ಹುಲಿಗೇಶ ಚೀಲಕ್ಕೆ ಒರಗಿ ಕೂತ. "ನಿನ್ನೆ ರಾತ್ರಿ ಅದರ ಮ್ಯಾಲೆ ಚಾ ಚೆಲ್ತ್ರೀ. ಒಣಗಿದ ಮ್ಯಾಲೆ ತೆಗೆದಿಡೋಣಂತ ಮಾಡಿದ್ದೆ. ಅಷ್ಟರಾಗ ಜುಲ್ಫಿಕರಣ್ಣ ಬಂದ್ರು. ಕೆಟ್ಟೈತಿ ಅಂದ್ರ ಮತ್ತ ಯಾವ ಸಾಮಾನೂ ಕೊಡಂಗಿಲ್ಲಂತ ಅಂಜಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ."

"ಬಾಯಿಗೆ ಬಂದದ್ದು ನನ್ನ ಹೆಸರೇನಲೇ?" ಎಂದ ವಾಸಿಂ.

ಹುಲಿಗೇಶ ಪೆಟ್ಟಿಗೆಯನ್ನು ಜುಲ್ಫಿಕರನತ್ತ ಸರಿಸಿದ.

ಜುಲ್ಫಿಕರ್ ಮುಚ್ಚಳ ಬಿಚ್ಚಿ, ಹೊಟ್ಟು ಊದಿ, ಒಳಗೆಲ್ಲ ಒಣಗಿದೆಯೇ ಎಂದು ನೋಡಿ ಅಡಾಪ್ಟರ್, ಮೈಕು ಎರಡನ್ನೂ ಸಿಕ್ಕಿಸಿದ. ಎಲ್ಲರೂ ಕಾಯ್ದರು. ಗಾಜಿನ ವಾಲ್ವ್ ಮೆಲ್ಲಗೆ ಕೆಂಪಾಯಿತು.

"ಏನೂ ಆಗಿಲ್ಲೋ ಮಾರಾಯ, ಇದು ಚೆಂದಾಗಿ ನಡ್ಯಾಕತ್ತೈತಿ! ನಿನ್ನೇನ ಒಂದು ಫೋನ್ ಮಾಡಿದ್ರ ನಾ ಬರ್ತಿದ್ದಿಲ್ಲೇನು? ಒಂದು ಮಾತಾಡು, ದನಿಗೆ ಮೀಟರಿನ ಮುಳ್ಳು ಅಲ್ಲಾಡ್ತೈತೇನು ನೋಡೋಣ."

ಯಾರೂ ಮಾತಾಡಲಿಲ್ಲ. ವಾಸಿಂ ಗುಂಡಿನ ಬ್ಯಾಗ್ ಹೆಗಲಿಗೇರಿಸಿ, ರೇಣುಕಾದೇವಿಗೆ ಕೈಮುಗಿದು ಹೊರಟ. ಅವಳೂ ಕುರ್ಚಿ ಬಿಟ್ಟೆದ್ದಳು. ಬರೆಯುವ ಕೇಸು ಉಳಿದಿರಲಿಲ್ಲ. ಆದರೂ ಮೈ ಹಗುರಾಗಲಿಲ್ಲ.

ಹುಲಿಗೇಶ ಪೆಟ್ಟಿಗೆಯ ಮೇಲಿನ ಮುಳ್ಳನ್ನೇ ನೋಡುತ್ತ ಕೂತ. ಮೆಟ್ಟಿಲಿಳಿಯುವ ವಾಸಿಂನ ಚಪ್ಪಲಿಯ ಸದ್ದಿಗೆ ಅದು ಅಲ್ಲಾಡಿತು. ಮತ್ತೊಮ್ಮೆ ಸ್ವಲ್ಪ ಅಲ್ಲಾಡಿತು. ಆಮೇಲೆ ನಿಂತುಹೋಯಿತು.