ತಿಪ್ಪರಸನ ಮೂರು ಕಾವಲು

ಏಳು ಬೆಟ್ಟಗಳ ಆಚೆ ಮಂದಾರಗಿರಿ ಎಂಬ ರಾಜ್ಯವಿದ್ದ ಕಾಲವದು. ಅಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ಅವನು ಚಿನ್ನ, ಬೆಳ್ಳಿ ಮುಟ್ಟುತ್ತಿರಲಿಲ್ಲ; ಮನೆಗಳ ಹೊಸ್ತಿಲು ಕದಿಯುತ್ತಿದ್ದ. ಹೊಸ್ತಿಲು ಹೋದ ಮನೆಯವರು ಆ ಕ್ಷಣವೇ ಪಾರಿವಾಳಗಳಾಗಿ ಸೂರಿನ ಮೇಲೆ ಕೂರುತ್ತಿದ್ದರು. ನೇಕಾರರ ಕೇರಿಯಲ್ಲಿ ಆಗಲೇ ಹನ್ನೊಂದು ಮನೆಯವರು ಪಾರಿವಾಳವಾಗಿದ್ದರು. ಉಳಿದದ್ದು ನೇಕಾರ ತಿಪ್ಪರಸನ ಮನೆ, ಪಕ್ಕದ ಸಂಕವ್ವನ ಮನೆ, ಎರಡೇ.

ಪಾರಿವಾಳವಾಗುವ ಆಸೆ ತಿಪ್ಪರಸನಿಗೆ ಇರಲಿಲ್ಲ. ಅವನು ಕಾಡಿಗೆ ಹೋಗಿ, ಮೂರು ದಿನ ಮಾಯಾಹುಲಿಯ ಬೆನ್ನು ತುರಿಸಿ, ಅದನ್ನು ಕಾವಲಿಗೆ ಒಪ್ಪಿಸಿ ಕರೆತಂದ. ಅವನ ತಾಯಿ ದೇವಲವ್ವ ಹುಲಿಗೆ ಮೊಸರನ್ನ ಕಲಸಿಟ್ಟಳು.

"ಅವ್ವಾ, ಅದು ಹುಲಿ!"

"ಹುಲಿಗೆ ಹೊಟ್ಟೆ ಇರಲ್ವೇನೋ?"

ನಾಲ್ಕನೆಯ ದಿನಕ್ಕೆ ಹುಲಿ ಬಂದವರೆಲ್ಲರ ಮುಂದೆ ಅಂಗಾತ ಮಲಗಿ ಹೊಟ್ಟೆ ತೋರಿಸತೊಡಗಿತು.

ತಿಪ್ಪರಸ ಪಾತಾಳಕ್ಕಿಳಿದು, ಮೂರು ದಿನ ನಾಗರಾಣಿಯ ಸೀರೆ ನೇಯ್ದು, ಗುಟ್ಟಿನ ಮಾತು ಹೇಳದೆ ತೆರೆಯದ ಬೀಗ ತಂದ. ತಾಯಿಯ ಕಿವಿಯಲ್ಲಿ ಮಾತ್ರ ಆ ಮಾತು ಹೇಳಿದ. ಸಂಜೆಗೆ ಪಕ್ಕದ ಕೇರಿಯ ಮಕ್ಕಳು ಅದನ್ನೇ ಹಾಡಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದರು.

"ಸಂಕವ್ವನಿಗೆ ಒಬ್ಬಳಿಗೇ ಹೇಳಿದ್ದು ಕಣೋ" ಎಂದಳು ದೇವಲವ್ವ. "ನಾವು ಊರಲ್ಲಿ ಇಲ್ಲದಾಗ ಮನೆ ನೋಡ್ಕೊಳ್ಳೋರು ಯಾರು?"

ತಿಪ್ಪರಸ ಹಲ್ಲು ಕಚ್ಚಿಕೊಂಡು ಮೋಡಗಳ ಮೇಲೆ ಹತ್ತಿದ. ಮೂರು ದಿನ ಗಂಧರ್ವನೊಬ್ಬನ ಸಂಗೀತ ಕೇಳಿ, ಸುಳ್ಳನ್ನು ಕಂಡುಹಿಡಿದು ಕೂಗುವ ಬಾಗಿಲು ತಂದ. ಮೊದಲು ಸಿಕ್ಕಿಬಿದ್ದವನು ಭಾವ ಚಂದಯ್ಯ. "ಏನೂ ಬೇಡ ಅತ್ತೆ, ಈಗಷ್ಟೇ ಊಟ ಆಯ್ತು" ಎಂದು ಅವನು ಮರ್ಯಾದೆಗೆ ಹೇಳಿದ್ದೇ ತಡ, ಬಾಗಿಲು "ಸುಳ್ಳು! ಹಸಿದಿದ್ದಾನೆ!" ಎಂದು ಅರಚಿತು.

"ಇದು ನೋಡು ಒಳ್ಳೆ ಸಾಮಾನು" ಎಂದಳು ದೇವಲವ್ವ. ಮಗ ತಂದದ್ದರಲ್ಲಿ ಅವಳು ಮೆಚ್ಚಿದ್ದು ಅದೊಂದನ್ನೇ.

ಮರುದಿನ ಮಧ್ಯಾಹ್ನ ಧೂಮಕೇಶ ಜೋಗಿಯ ವೇಷದಲ್ಲಿ ಬಂದ. ಹುಲಿ ಅಂಗಾತ ಮಲಗಿತು. ಗುಟ್ಟಿನ ಮಾತು ಅವನಿಗೂ ಬಾಯಿಪಾಠವಾಗಿತ್ತು, ಬೀಗ ಕಳಚಿತು.

"ಊಟ ಆಗಿದೆ ತಾಯಿ" ಎಂದ. "ಹೊಸ್ತಿಲ ಮೇಲೆ ಒಂದು ಗಳಿಗೆ ಕೂತು ಹೋಗ್ತೀನಿ."

"ಸುಳ್ಳು!" ಎಂದಿತು ಬಾಗಿಲು. "ಹನ್ನೆರಡು ವರ್ಷದಿಂದ ಉಂಡಿಲ್ಲ! ಇವನೇ ಹೊಸ್ತಿಲುಗಳ್ಳ!"

ದೇವಲವ್ವನಿಗೆ ಕೇಳಿಸಿದ್ದು ಮೊದಲ ಅರ್ಧ ಮಾತ್ರ. "ಹನ್ನೆರಡು ವರ್ಷ! ತಿಪ್ಪಾ, ಎಲೆ ಹಾಕು!"

"ಅವ್ವಾ, ಅವನು ಕಳ್ಳ! ನಮ್ಮನ್ನ ಪಾರಿವಾಳ ಮಾಡೋಕೆ ಬಂದಿದಾನೆ!"

"ಕಳ್ಳನಿಗೆ ಹೊಟ್ಟೆ ಇರಲ್ವೇನೋ?"

ಧೂಮಕೇಶ ಹೊಸ್ತಿಲಿಗೆ ಕೈಹಾಕಿ, ಮಂತ್ರ ಹೇಳಲು ಬಾಯಿ ತೆರೆದ. ದೇವಲವ್ವ ಆ ಬಾಯಿಗೆ ತುಪ್ಪದಲ್ಲಿ ಅದ್ದಿದ ಕಡುಬು ತುರುಕಿದಳು. ಅವನ ಶಕ್ತಿಯೆಲ್ಲ ಆ ಹನ್ನೆರಡು ವರ್ಷದ ಉಪವಾಸದಲ್ಲೇ ಇತ್ತು. ಕಡುಬು ಗಂಟಲಿನಿಂದ ಇಳಿಯಿತು, ಮಂತ್ರ ಮರೆತುಹೋಯಿತು. ಜೋಗಿಯ ವೇಷ ಕರಗಿ, ಸೊರಗಿದ ಮುದುಕನೊಬ್ಬ ಉಳಿದ. ಅವನು ತುಟಿಗೆ ಮೆತ್ತಿದ್ದ ತುಪ್ಪ ನೆಕ್ಕಿಕೊಂಡು, "ಚಟ್ನಿ ಇದೆಯಾ ತಾಯಿ?" ಎಂದ.

ಹೊರಗೆ ಹನ್ನೊಂದು ಮನೆಯವರು ಸೂರಿನ ಮೇಲಿಂದ, ಏಣಿ ತನ್ನಿ ಎಂದು ಕೂಗುತ್ತಿದ್ದರು.

ಸುದ್ದಿ ಅರಮನೆ ಮುಟ್ಟಿತು. ರಾಜ ವಿಚಾರಣೆ ಮಾಡಿಸಿದ. ಕಳ್ಳ ಸೋತ ಮನೆಯಲ್ಲಿ ಹುಲಿ, ಬೀಗ, ಬಾಗಿಲು ಮೂರೂ ಇದ್ದವೆಂದು ತಿಳಿಯಿತು. ರಾಜ್ಯದ ಪ್ರತಿ ಮನೆಗೂ ಈ ಮೂರನ್ನು ಅಳವಡಿಸಬೇಕೆಂದು ಡಂಗುರ ಸಾರಲಾಯಿತು. ಕಡುಬಿನ ಪ್ರಸ್ತಾಪ ವರದಿಯಲ್ಲಿ ಇರಲಿಲ್ಲ.

ಅಂದಿನಿಂದ ಮಂದಾರಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು; ಹುಲಿಗಳಂತೂ ಬಹಳ ಸುಖವಾಗಿದ್ದವು. ತಿಪ್ಪರಸನೂ ಸುಖವಾಗಿದ್ದ ಎಂದೇ ಹೇಳಬೇಕು. ಎಲ್ಲ ಕಾವಲುಗಳ ಮುಖ್ಯಾಧಿಕಾರಿಯಾಗಿ ರಾಜ ನೇಮಿಸಿದ್ದು ಅವನನ್ನೇ.